ಕಟ್ಟು ನಂಬರ್ ಹತ್ತೊಂಬತ್ತು

ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತು ಹಾಕಿ ಕುದಿಸಬೇಕು,
ಇಲ್ಲದಿದ್ದರೆ ಹುಳು ಮತ್ತೆ ಬರುತ್ತದೆ ಉಣ್ಣಲಿಕ್ಕೆ.
ಇಪ್ಪತ್ತೆರಡು ವರ್ಷದಿಂದ ಪಣಜಿಯ ಈ ದಫ್ತರಖಾನೆಯಲ್ಲಿ
ನನ್ನ ಕೆಲಸ ಇಷ್ಟೇ: ತೂತಿಗೆ ತೇಪೆ.
ಓದುವುದು ನನ್ನ ಪಾಲಿನದಲ್ಲ.
ಕೊಂಕಣಿ ಮಾತಾಡುತ್ತೇನೆ, ಮರಾಠಿ ಬೋರ್ಡು ಓದುತ್ತೇನೆ,
ಲೆಕ್ಕ ಮಾತ್ರ ಕನ್ನಡದಲ್ಲಿ.

ಈ ಸಲ ಮೇಜಿಗೆ ಬಂದದ್ದು ಕಟ್ಟು ಹತ್ತೊಂಬತ್ತು.
ಎವಾರಿಸ್ತೊ ಮಾಂತಿಯೆಲ್, ಎರಡು ಸಮುದ್ರಗಳಾಚೆಯವನು.
ಅರ್ಥ ಬಿಡಿಸಿ ಹೇಳುವವರು ಬಸಿಲಿಯೊ ಮಾಸ್ತರ್,
ಮಂಗಳವಾರ, ಶುಕ್ರವಾರ, ಭೂತಗನ್ನಡಿ ಹಿಡಿದು.

ಹೇಸರಗತ್ತೆ ವ್ಯಾಪಾರಿಯ ಮಗನಂತೆ,
ಉಸಿರು ಸಾಲದಷ್ಟು ಎತ್ತರದ ಊರು.
ಕಾಯಿದೆ ಓದಿದ. ರಾಜ ಬೇಡವೆಂದು ಸಭೆಯಲ್ಲಿ
ಕೈ ಎತ್ತಿದವರ ಪೈಕಿ ಹನ್ನೊಂದನೆಯವನು.
ಹತ್ತನೆಯವನ ಕೈ ನೋಡಿ ಎತ್ತಿದೆ,
ಎಂದು ತಂಗಿಗೆ ಬರೆದಿದ್ದಾನೆ.
ದ್ವೀಪದ ಸೆರೆಯಲ್ಲಿ ಎರಡು ವರ್ಷ;
ಹೋದವು ಹಲ್ಲು, ಬಂದದ್ದು ಇಂಗ್ಲಿಷು.
ಬಿಡುಗಡೆಯಾದ ದೇಶ ಅವನನ್ನು ಲಂಡನ್ನಿಗೆ ಸಾಲ ಕೇಳಲು ಅಟ್ಟಿತು:
ಕೋಟು ಬಾಡಿಗೆಯದು, ಗಾಡಿ ಬಾಡಿಗೆಯದು,
ಸ್ವಂತದ್ದು ಬಾವುಟ ಒಂದೇ,
ಅದರ ನೀಲಿಯೂ ಅಲ್ಲಿನ ಮಳೆಗೆ ಬಣ್ಣ ಬಿಟ್ಟಿತು.

'ನಾವು ಇದ್ದೇವೆ ಅಂತ ಒಪ್ಪಿಕೊಳ್ಳಿ' —
ಹತ್ತು ವರ್ಷದ ರಾಯಭಾರವೆಲ್ಲ ಇಷ್ಟೇ ಮಾತು, ಎಂದು ಮಾಸ್ತರ್ ನಕ್ಕರು.
ನನಗೆ ನಗು ಬರಲಿಲ್ಲ.
ಬೈನಾದ ನಮ್ಮ ತಗಡಿನ ಮನೆಗೆ ನಂಬರಿರಲಿಲ್ಲ.
ವಾಸದ ದಾಖಲೆಗೆಂದು ಕಿಟಕಿಯೆದುರು ಏಳು ಸಲ ನಿಂತ ಅಪ್ಪ,
ಬಂದರಿನ ರಸ್ತೆಗೆ ಜಲ್ಲಿ ಒಡೆದ ಅಂಗೈ ಚಾಚಿ
'ಇದನ್ನ ಬರಕೋರಿ ಸಾಹೇಬರ' ಅಂದಿದ್ದ.
ಒಳಗಿಂದ ಬಂದ ಉತ್ತರ ಒಂದೇ ಶಬ್ದ:
ಘಾಂಟಿ.

ಮದ್ದಿಗೆ ಪೆಟ್ಲುಪ್ಪು ಕೊಳ್ಳಲು ಬೊಂಬಾಯಿಗೆ ಹೊರಟಿತ್ತು ಹಡಗು.
ಜೂನಿನ ಗಾಳಿ ಪಟಗಂಬ ಮುರಿಯಿತು.
ಅಗ್ವಾದದ ಮರಳದಿಣ್ಣೆ ಸವರಿಕೊಂಡು ಹೇಗೋ ಮಾಂಡೋವಿಗೆ ನುಸುಳಿ
ಪಣಜಿಯಲ್ಲಿ ಇಳಿದ: ಎರಡು ಪೆಟ್ಟಿಗೆ, ಒಂದು ಜ್ವರ.
ರಾಜನ ಊರಿನಲ್ಲಿ ರಾಜನನ್ನು ಓಡಿಸಿದವನು!
ಗವರ್ನರರು ಅವನ ಸನ್ನದನ್ನು ಅರಗು ಒಡೆಯದೆ ವಾಪಸು ಕಳಿಸಿದರು,
ಜೊತೆಗೆ ಹಂಗಾಮಿನ ಕೊನೆಯ ಮಾವು, ಒಂದು ಬುಟ್ಟಿ.

ಕಾದ. ಒಂದು ಮಳೆಗಾಲ, ಇನ್ನೊಂದು.
ಬೊಕಾ ದ ವಾಕಾದ ನೀರು ಕುಡಿದು ಗುಣವಾದೆ ಎಂದು ಬರೆದ.
ಗುಣವಾಗಿರಲಿಲ್ಲ.
ಬೆಳಿಗ್ಗೆ ಪಾವ್ ಮಾರುವ ಪೊದೆರನ ಕೋಲು ಝಣ್ಣೆಂದರೆ
ಅಪ್ಪನ ಹೇಸರಗತ್ತೆಗಳು ಇಳಿದು ಬಂದವೆಂದು ಎದ್ದು ಕೂರುತ್ತಿದ್ದ.
ಹದಿನಾಲ್ಕು ತಿಂಗಳು ತಡವಾಗಿ ಒಂದು ಓಲೆ ತಲುಪಿತು:
ದೇಶ ಒಡೆದು ಎರಡಾಗಿದೆ,
ನಿನ್ನ ಊರು ಯಾವುದರ ಪಾಲೋ, ಇನ್ನೂ ಗುಂಡು ಹಾರುತ್ತಿದೆ.

ಆಮೇಲೂ ಪ್ರತಿ ಸೋಮವಾರ ಕೋಟು ತೊಟ್ಟು
ಇಲ್ಲದ ದೇಶದ ಕಚೇರಿ ತೆರೆದ.
ಮೇಲೆ ದೇಶದ ಹೆಸರು, ತಾರೀಖು. ಕೆಳಗೆ ಸಹಿ, ಮುದ್ರೆ.
ನಡುವೆ ಎರಡೇ ಪದ: ಯಾರೂ ಬರಲಿಲ್ಲ.
ಅಂಥ ಹಾಳೆ ಮೂವತ್ತೊಂಬತ್ತು.
ಅಂಟು ಹಚ್ಚಿ ಹಚ್ಚಿ ಆ ಎರಡು ಪದ
ನನಗೀಗ ಬಾಯಿಪಾಠವಲ್ಲ, ಕೈಪಾಠ.
ನಲವತ್ತನೆಯದರಲ್ಲಿ ತಾರೀಖು ಮಾತ್ರ ಇದೆ.

ಹಳೆಯ ಮಸಿಯಲ್ಲಿ ಕಬ್ಬಿಣ. ಒತ್ತಿ ಬರೆದಲ್ಲೆಲ್ಲ
ನಿಧಾನಕ್ಕೆ ಕಾಗದ ಸುಡುತ್ತದೆ.
ದೇಶದ ಹೆಸರನ್ನು ಅವನು ಒತ್ತಿ ಬರೆಯುತ್ತಿದ್ದ,
ಹಾಗಾಗಿ ಪ್ರತಿ ಹಾಳೆಯಲ್ಲೂ ತೂತು ಅಲ್ಲೇ.
ಮಾಸ್ತರ್ ಅಂಚು ಹುಡುಕುತ್ತಾರೆ, ಒಂದು ಕೊಂಬು, ಒಂದು ಬಾಲ.
ನಾನು ತೆಳು ಕಾಗದ ಹರಿದು
(ಕತ್ತರಿಸಬಾರದು, ಹರಿದರೇ ಎಳೆಗೆ ಎಳೆ ಕೂಡುವುದು)
ಕುಂಚದಿಂದ ಕೂರಿಸುತ್ತೇನೆ.
ತೇಪೆ ಬೆಳ್ಳಗಿರುತ್ತದೆ. ಅದರ ಮೇಲೆ ಏನೂ ಬರೆಯುವಂತಿಲ್ಲ, ನಿಯಮ.

ಐದೂವರೆಯ ಕದಂಬ ಬಸ್ಸು. 'ಖಂಯ್?' ಎಂದ ಕಂಡಕ್ಟರ್.
ವಾಸ್ಕೊ ಅಂದರೆ ಸಾಕಿತ್ತು, ದಿನವೂ ಹಾಗೇ ಅನ್ನುವುದು.
ಬೈನಾ ಅಂದೆ,
ಸ್ವಲ್ಪ ಒತ್ತಿ.